ಬಾಣಂತಿಯ ಜೀವ ಉಳಿಸಲು ಸಿಗುವ ಹೊತ್ತು: ಮಲೆನಾಡಿನ ಮನೆಗಳಿಗಾಗಿ ಒಂದು ವಿವರಣೆ

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ನಂತರ ಒಬ್ಬರು ತೀರಿಕೊಂಡರು. ಅವರಿಗೆ ಡ್ರಿಪ್ ಮೂಲಕ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ರಾಜ್ಯದಾದ್ಯಂತ ಚರ್ಚೆಯಾಯಿತು. ಅದುವರೆಗೆ ಆರೋಗ್ಯ ಇಲಾಖೆಯ ಸಭೆಗಳಲ್ಲಿ ಮಾತ್ರ ಕೇಳಿಬರುತ್ತಿದ್ದ ‘ತಾಯಿ ಮರಣ ಪ್ರಮಾಣ’, ‘ತಡೆಯಬಹುದಾಗಿದ್ದ ಸಾವು’ ಎಂಬ ಮಾತುಗಳು ಪತ್ರಿಕೆಗಳ ಮುಖಪುಟಕ್ಕೆ ಬಂದವು. ಬಸುರಿ ಹೆಣ್ಣುಮಗಳಿರುವ ಮನೆಗಳಲ್ಲಿ ಆತಂಕ ಹುಟ್ಟಿತು.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಈ ಆತಂಕದ ಜೊತೆ ದೂರದ ಚಿಂತೆಯೂ ಸೇರಿದೆ. ಇಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳ ಸಾಲಲ್ಲ. ಗುಡ್ಡದ ತಪ್ಪಲಿಗೊಂದು, ತೋಟಕ್ಕೊಂದು ಮನೆ. ಅಲ್ಲಿಂದ ಡಾಂಬರು ರಸ್ತೆಗೆ ಬರಬೇಕು, ಬಳಿಕ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಕೈಮೀರಿದರೆ ಶಿವಮೊಗ್ಗದ ದೊಡ್ಡಾಸ್ಪತ್ರೆ ಮೆಗ್ಗಾನ್. ಹೆರಿಗೆಯ ಸಾವುಗಳು ಯಾಕಾಗುತ್ತವೆ, ಅವನ್ನು ಹೇಗೆ ತಡೆಯುತ್ತಾರೆ ಎಂಬುದನ್ನು ಈ ದಾರಿಗೆ ಹಿಡಿಯುವ ಹೊತ್ತನ್ನು ಬಿಟ್ಟು ಅರ್ಥಮಾಡಿಕೊಳ್ಳಲು ಬರುವುದಿಲ್ಲ.

ಯಾವ ಸಾವನ್ನು ತಾಯಿ ಮರಣ ಎನ್ನುತ್ತಾರೆ

ಗರ್ಭಿಣಿಯಾಗಿರುವಾಗ, ಅಥವಾ ಹೆರಿಗೆಯೋ ಗರ್ಭಪಾತವೋ ಆಗಿ 42 ದಿನಗಳೊಳಗೆ, ಬಸುರಿಗೆ ಸಂಬಂಧಪಟ್ಟ ಕಾರಣದಿಂದ ಹೆಣ್ಣು ಸತ್ತರೆ ಅದು ತಾಯಿ ಮರಣ. ಇದು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ. ಬಸುರಿ ಬಸ್ ಅಪಘಾತದಲ್ಲಿ ತೀರಿಕೊಂಡರೆ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮೊದಲೇ ಇದ್ದ ಹೃದಯದ ಕಾಯಿಲೆ ಬಸುರಿನ ಭಾರಕ್ಕೆ ಉಲ್ಬಣಿಸಿ ಸಾವಾದರೆ ಅದು ಲೆಕ್ಕಕ್ಕೆ ಬರುತ್ತದೆ.

ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ಸತ್ತರು ಎಂಬ ಸಂಖ್ಯೆಯೇ ತಾಯಿ ಮರಣ ಪ್ರಮಾಣ. ಕೇಂದ್ರದ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2004–06ರಲ್ಲಿ ಕರ್ನಾಟಕದಲ್ಲಿ ಇದು 213 ಇತ್ತು. 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ಇದು ದೊಡ್ಡ ಸಾಧನೆಯೇ. ಆದರೆ ಅದೇ ಅವಧಿಯಲ್ಲಿ ಕೇರಳದ ಸಂಖ್ಯೆ 19. ಪಕ್ಕದ ರಾಜ್ಯದಲ್ಲಿ ಉಳಿಯುವ ಜೀವಗಳು ನಮ್ಮಲ್ಲಿ ಯಾಕೆ ಉಳಿಯುವುದಿಲ್ಲ?

ಮನೆಯಲ್ಲೇ ಹೆರಿಗೆ ಮಾಡಿಸುವುದರಿಂದ ಹೀಗಾಗುತ್ತಿದೆ ಎಂದು ಹಲವರು ತಿಳಿದಿದ್ದಾರೆ. ಇಂದಿನ ಅಂಕಿಅಂಶ ಹಾಗೆ ಹೇಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಸೂಲಗಿತ್ತಿಯರ ಕಾಲ ಬಹುಪಾಲು ಮುಗಿದಿದೆ. ಹೀಗಾಗಿ ಈಗ ಕೇಳಬೇಕಾದ ಪ್ರಶ್ನೆಗಳು ಬೇರೆ: ಯಾವ ಆಸ್ಪತ್ರೆಗೆ, ಯಾವ ಹೊತ್ತಿಗೆ, ಯಾವ ಸ್ಥಿತಿಯಲ್ಲಿ ತಲುಪಿದಳು? ಅಲ್ಲಿ ರಕ್ತ, ಔಷಧ, ಅರಿವಳಿಕೆ ತಜ್ಞರು ಇದ್ದರೇ?

ಯಾವ ತೊಂದರೆಗೆ ಎಷ್ಟು ಸಮಯ

ಚಿಕಿತ್ಸೆಯೇ ಸಿಗದಿದ್ದರೆ ತೊಂದರೆ ಶುರುವಾದಲ್ಲಿಂದ ಸಾವಿನವರೆಗೆ ಸರಾಸರಿ ಎಷ್ಟು ಹೊತ್ತು ಇರುತ್ತದೆ ಎಂದು ತಜ್ಞರು ಹಿಂದೆಯೇ ಅಂದಾಜು ಮಾಡಿದ್ದಾರೆ. ಹೆರಿಗೆಯಾದ ಮೇಲಿನ ರಕ್ತಸ್ರಾವಕ್ಕೆ 2 ಗಂಟೆ. ಹೆರಿಗೆಗೆ ಮುಂಚಿನ ರಕ್ತಸ್ರಾವಕ್ಕೆ 12 ಗಂಟೆ. ರಕ್ತದೊತ್ತಡ ಏರಿ ಬರುವ ಫಿಟ್ಸ್‌ಗೆ 2 ದಿನ. ಮಗು ಅಡ್ಡವಾಗಿಯೋ ಸಿಕ್ಕಿಹಾಕಿಕೊಂಡೋ ಹೆರಿಗೆ ಮುಂದುವರಿಯದಿದ್ದರೆ 3 ದಿನ. ಸೋಂಕು ತಗುಲಿ ಏರುವ ನಂಜಿಗೆ 6 ದಿನ.

ಇವು ಸರಾಸರಿಗಳು, ಒಬ್ಬೊಬ್ಬರಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದರೂ ಮಲೆನಾಡಿನವರು ಮೊದಲ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆಗುಂಬೆಯಿಂದ ತೀರ್ಥಹಳ್ಳಿಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು, ಅಲ್ಲಿಂದ ಶಿವಮೊಗ್ಗಕ್ಕೆ ಮತ್ತೆ ಅರುವತ್ತು ಕಿಲೋಮೀಟರ್. ಆಷಾಢದ ಮಳೆಯಲ್ಲಿ, ರಾತ್ರಿಯಲ್ಲಿ, ಮರ ಬಿದ್ದ ತಿರುವುಗಳಲ್ಲಿ ಆ ದಾರಿಗೇ ಎರಡು ಗಂಟೆ ಮೀರುತ್ತದೆ. ಆಂಬುಲೆನ್ಸ್ ಮನೆಯವರೆಗೆ ಬರಲು ಹಿಡಿಯುವ ಹೊತ್ತು ಬೇರೆಯೇ. ಆದ್ದರಿಂದ ರಕ್ತಸ್ರಾವದ ಚಿಕಿತ್ಸೆ ಹೆರಿಗೆಯಾದ ಜಾಗದಲ್ಲೇ ಶುರುವಾಗಬೇಕು. ಉಳಿದ ತೊಂದರೆಗಳಲ್ಲಿ ದಾರಿ ಸಾಗುವಷ್ಟು ಸಮಯ ಸಿಗುತ್ತದೆ, ಲಕ್ಷಣವನ್ನು ಬೇಗ ಗುರುತಿಸಿದರೆ.

ರಕ್ತಸ್ರಾವ: ಗರ್ಭಕೋಶ ಬಿಗಿಯದಿದ್ದಾಗ

ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಕಳಚಿದ ಕೂಡಲೇ, ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಉಳಿಯುತ್ತದೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯುವೇ. ತೋಟಕ್ಕೆ ನೀರು ಬಿಟ್ಟಿರುವ ಪೈಪನ್ನು ಮಡಚಿ ಬಿಗಿಯಾಗಿ ಹಿಡಿದರೆ ನೀರು ನಿಲ್ಲುವ ಹಾಗೆ, ಹೆಣೆದುಕೊಂಡಿರುವ ಸ್ನಾಯುವಿನ ಎಳೆಗಳು ಕುಗ್ಗಿ ನಡುವಿನ ರಕ್ತನಾಳಗಳನ್ನು ಹಿಚುಕಿ ಹಿಡಿಯುತ್ತವೆ. ಸ್ನಾಯು ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲದೆ ಹರಿಯುತ್ತದೆ. ಹೆರಿಗೆಯ ನಂತರದ ರಕ್ತಸ್ರಾವಗಳಲ್ಲಿ ಹತ್ತರಲ್ಲಿ ಸುಮಾರು ಏಳಕ್ಕೆ ಇದೇ ಕಾರಣ. ಮಾಸಿನ ಚೂರು ಒಳಗೆ ಉಳಿಯುವುದು, ಗರ್ಭಕೋಶದ ಬಾಯಿ ಅಥವಾ ಯೋನಿ ಹರಿಯುವುದು, ರಕ್ತ ಹೆಪ್ಪುಗಟ್ಟುವ ಗುಣ ಕುಂದುವುದು ಉಳಿದ ಕಾರಣಗಳು.

ಇದರಲ್ಲಿ ಹೆದರಿಸುವ ಸಂಗತಿಯೊಂದಿದೆ. ಹೀಗೆ ರಕ್ತಸ್ರಾವವಾದ ಬಹಳಷ್ಟು ಹೆಂಗಸರಲ್ಲಿ ಮುಂಚೆ ಯಾವ ಅಪಾಯದ ಗುರುತೂ ಇರುವುದಿಲ್ಲ. ‘ಮೊದಲನೆಯದು ಸಲೀಸಾಗಿ ಆಯಿತು, ಇದೂ ಆಗುತ್ತದೆ’ ಎಂಬ ಧೈರ್ಯಕ್ಕೆ ಆಧಾರವಿಲ್ಲ. ಅದಕ್ಕೇ ಎಲ್ಲ ಹೆರಿಗೆಯಲ್ಲೂ, ತೊಂದರೆ ಕಾಣುವ ಮೊದಲೇ, ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಬೇಕೆಂಬ ನಿಯಮವಿದೆ. ಅದು ಗರ್ಭಕೋಶವನ್ನು ಬಿಗಿಯಾಗಿಸುತ್ತದೆ. ಈ ಮದ್ದನ್ನು 2ರಿಂದ 8 ಡಿಗ್ರಿ ಉಷ್ಣಾಂಶದಲ್ಲಿ ಇಡಬೇಕು. ಬಿಸಿ ತಗುಲಿದರೆ ಶಕ್ತಿ ಕುಂದುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಕಡೆ, ಆರೋಗ್ಯ ಕೇಂದ್ರದ ಫ್ರಿಜ್‌ಗೆ ಬದಲಿ ವಿದ್ಯುತ್ ಇದೆಯೇ ಎಂದು ಗ್ರಾಮ ಪಂಚಾಯಿತಿ ಕೇಳಬೇಕಾದದ್ದು ಈ ಕಾರಣಕ್ಕೆ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ ಬೇಡ. ಆಕ್ಸಿಟೋಸಿನ್ ಸಿಗದ ಕಡೆ ಅದನ್ನು ಬಳಸುತ್ತಾರೆ. ರಕ್ತಸ್ರಾವ ಶುರುವಾದ 3 ಗಂಟೆಯೊಳಗೆ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು 2017ರಲ್ಲಿ ಪ್ರಕಟವಾದ, ಇಪ್ಪತ್ತು ಸಾವಿರ ಹೆಂಗಸರನ್ನು ಒಳಗೊಂಡ ಅಧ್ಯಯನ ತೋರಿಸಿತು.

ಇನ್ನೊಂದು ತೊಡಕೆಂದರೆ ಎಷ್ಟು ರಕ್ತ ಹೋಯಿತು ಎಂಬುದು ಕಣ್ಣಂದಾಜಿಗೆ ಸಿಗುವುದಿಲ್ಲ. ಬಟ್ಟೆ, ಹಾಸಿಗೆ, ನೆಲ ಎಲ್ಲವೂ ರಕ್ತ ಹೀರಿದಾಗ ಅನುಭವಿ ದಾದಿಯರೂ ಕಡಿಮೆಯೇ ಎಣಿಸುತ್ತಾರೆ. ಹೀಗಾಗಿ ತಾಯಿಯ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಹಾಸಿ ರಕ್ತವನ್ನು ಅಳೆದು, ಮಿತಿ ದಾಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಕೊಡುವ ಕ್ರಮವನ್ನು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. 2023ರಲ್ಲಿ ಬಂದ ಫಲಿತಾಂಶದಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು ಶೇ 60ರಷ್ಟು ಕಡಿಮೆಯಾಗಿದ್ದವು. ಅಲ್ಲಿ ಬಳಸಿದ್ದು ಹೊಸ ಔಷಧವನ್ನಲ್ಲ, ದುಬಾರಿ ಯಂತ್ರವನ್ನಲ್ಲ. ಅಳೆದರು, ತಡಮಾಡಲಿಲ್ಲ, ಅಷ್ಟೇ.

ಮನೆಯವರ ಗಮನಕ್ಕೆ: ಪ್ಯಾಡ್ ಒಂದು ಗಂಟೆಯೊಳಗೆ ಪೂರ್ತಿ ತೋಯುವುದು, ದೊಡ್ಡ ಗಡ್ಡೆಗಳು ಬೀಳುವುದು, ತಲೆ ತಿರುಗುವುದು, ಮೈ ತಣ್ಣಗಾಗಿ ಬೆವರುವುದು. ಇವುಗಳಲ್ಲಿ ಯಾವುದು ಕಂಡರೂ ದಾದಿಯನ್ನು ಕರೆಯಬೇಕು, ಮನೆಯಲ್ಲಿದ್ದರೆ ಹೊರಡಬೇಕು. ಹುಟ್ಟಿದ ಕೂಡಲೇ ಮಗುವಿಗೆ ಎದೆಹಾಲು ಕುಡಿಸುವುದರಿಂದಲೂ ಗರ್ಭಕೋಶ ಬಿಗಿಯುತ್ತದೆ.

ರಕ್ತಹೀನತೆ: ಅದೇ ರಕ್ತಸ್ರಾವ, ಎರಡು ಬಗೆಯ ಫಲ

ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ. 2019–21ರ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ, ಶೇ 52.2ರಷ್ಟು, ರಕ್ತಹೀನರಾಗಿದ್ದರು. ಹಿಮೋಗ್ಲೋಬಿನ್ 12 ಇರುವ ಹೆಣ್ಣು ಒಂದು ಲೀಟರ್ ರಕ್ತ ಕಳೆದುಕೊಂಡರೂ ಚಿಕಿತ್ಸೆ ಸಿಗುವವರೆಗೆ ತಡೆದುಕೊಳ್ಳುವ ಸಾಧ್ಯತೆ ಹೆಚ್ಚು. 7 ಇರುವವಳಿಗೆ ಅದರ ಅರ್ಧವೂ ಪ್ರಾಣಾಂತಿಕವಾಗಬಹುದು. ಆಸ್ಪತ್ರೆಗೆ ದೂರವಿರುವವರ ಪಾಲಿಗೆ ಹಿಮೋಗ್ಲೋಬಿನ್ ಎಂದರೆ ದಾರಿಯಲ್ಲಿ ಬದುಕಿ ಉಳಿಯುವ ಶಕ್ತಿ. ಮಲೆನಾಡಿನಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಖಚಿತವಾದ ರಕ್ಷಣೆ ಇನ್ನೊಂದಿಲ್ಲ.

ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆ, ಹೆರಿಗೆಯ ನಂತರ ಮತ್ತೆ 180 ದಿನ. ಇದು ಸರ್ಕಾರದ ಕ್ರಮ. ಆಶಾ ಕಾರ್ಯಕರ್ತೆಯರು ಮನೆಗೇ ತಂದುಕೊಡುತ್ತಾರೆ. ಆದರೆ ಮಾತ್ರೆ ಡಬ್ಬಿಯಲ್ಲೇ ಉಳಿಯುವುದು ಸಾಮಾನ್ಯ: ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಾಗುತ್ತದೆ, ಮಗು ಕಪ್ಪಾಗುತ್ತದೆಂಬ ಸುಳ್ಳು ಹೆದರಿಕೆ ಬೇರೆ. ಮಲ ಕಪ್ಪಾಗುವುದು ಸಹಜ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಹೊಟ್ಟೆ ತೊಳೆಸಿದರೆ ರಾತ್ರಿ ಊಟದ ನಂತರ ತೆಗೆದುಕೊಳ್ಳಬಹುದು. ಕಾಫಿ, ಚಹಾದ ಜೊತೆ ಮಾತ್ರ ಬೇಡ; ಅವು ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ. ಹೊತ್ತುಹೊತ್ತಿಗೆ ಕಾಫಿ ಕುಡಿಯುವ ನಮ್ಮ ಮನೆಗಳಲ್ಲಿ ಮಾತ್ರೆಗೂ ಕಾಫಿಗೂ ನಡುವೆ ಒಂದು ಗಂಟೆಯ ಅಂತರ ಇಡುವುದಕ್ಕೆ ಮಹತ್ವವಿದೆ. ಲಿಂಬೆ, ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು.

ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ತೋಟ, ಗದ್ದೆ ಕೆಲಸ ಮಾಡುವವರಿಗೆ ಕೊಕ್ಕೆಹುಳು ಅಂಟುತ್ತದೆ. ಅದು ಕರುಳಲ್ಲಿ ಕುಳಿತು ರಕ್ತ ಹೀರುತ್ತದೆ. ಮೂರು ತಿಂಗಳು ಕಳೆದ ಮೇಲೆ ಒಂದು ಜಂತುಹುಳುವಿನ ಮಾತ್ರೆ ಕೊಡುವುದು ಇದಕ್ಕಾಗಿ. ಮಾತ್ರೆಯಿಂದ ಹಿಮೋಗ್ಲೋಬಿನ್ ಏರದಿದ್ದರೆ ರಕ್ತನಾಳಕ್ಕೆ ಕೊಡುವ ಕಬ್ಬಿಣಾಂಶದ ಚುಚ್ಚುಮದ್ದು ಇದೆ. ಎಂಟನೇ ತಿಂಗಳವರೆಗೆ ಕಾಯದೆ ಐದು-ಆರನೇ ತಿಂಗಳಲ್ಲೇ ಕೇಳಿ ಮಾಡಿಸಿಕೊಂಡರೆ ರಕ್ತ ಹಾಕಿಸುವ ಪ್ರಸಂಗವೇ ಬರದಿರಬಹುದು.

ಬಿಪಿ ಏರಿದರೆ ಮೈಗೆ ಗೊತ್ತಾಗುವುದಿಲ್ಲ

ಬಸುರಿನ ಐದನೇ ತಿಂಗಳ ನಂತರ ರಕ್ತದೊತ್ತಡ 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾದರೆ ಅದಕ್ಕೆ ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. 160/110 ತಲುಪಿದರೆ ತುರ್ತು ಸ್ಥಿತಿ. ಶುರುವಿನಲ್ಲಿ ಹೆಣ್ಣಿಗೆ ಏನೂ ಅನ್ನಿಸದಿರಬಹುದು. ಅದಕ್ಕೇ ಪ್ರತಿ ಭೇಟಿಯಲ್ಲೂ ಬಿಪಿ ನೋಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಬೇಕು. ಮುಂದೆ ಮುಖ, ಕೈ ಊದಿಕೊಳ್ಳುತ್ತವೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಗೆಯ ಕೆಳಗೆ ನೋವು ಬಂದರೆ ಫಿಟ್ಸ್ ಹತ್ತಿರವಿದೆ ಎಂದರ್ಥ. ‘ಬಸುರಿಯಲ್ಲಿ ಕಾಲು ಊದುವುದು ಇದ್ದದ್ದೇ’ ಎಂದು ಹಿರಿಯರು ಹೇಳುವುದು ತಪ್ಪೇನಲ್ಲ. ಆದರೆ ಮುಖ ಊದಿದರೆ ಆ ಮಾತು ನಂಬಿ ಕೂರಬಾರದು.

ಫಿಟ್ಸ್ ಬಂದಾಗ ಎಡಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು; ಬಾಯಿಗೆ ನೀರು, ಚಮಚ ಏನನ್ನೂ ಹಾಕಬಾರದು. ಸನ್ನಿ ಎಂದೋ ಗಾಳಿ ಸೋಕಿದೆ ಎಂದೋ ಅಂತ್ರ ಕಟ್ಟಿಸುತ್ತ ಕಳೆದ ರಾತ್ರಿಗಳು ಜೀವ ತೆಗೆದಿವೆ. ಇದಕ್ಕೆ ಮದ್ದು ಮ್ಯಾಗ್ನೀಷಿಯಂ ಸಲ್ಫೇಟ್, ಬೆಲೆ ತೀರ ಕಡಿಮೆ. ಅದು ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತಲೂ ಕಡಿಮೆ ಮಾಡುತ್ತದೆಂದು 2002ರಲ್ಲೇ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸಾಬೀತಾಗಿದೆ. ಮೊದಲ ಡೋಸನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಟ್ಟು ಮುಂದಕ್ಕೆ ಕಳುಹಿಸಬಹುದು. ಹೆರಿಗೆಯಾದ ಮೇಲೂ ಕೆಲವು ದಿನ ಈ ಅಪಾಯ ಇರುತ್ತದೆ. ಮಗು ಹುಟ್ಟಿತೆಂದು ಬಿಪಿ ನೋಡುವುದನ್ನು ನಿಲ್ಲಿಸಬಾರದು.

ನಂಜು ಮತ್ತು ಬಾಣಂತನದ ದಿನಗಳು

ಜ್ವರ, ಚಳಿ, ದುರ್ವಾಸನೆಯ ಸ್ರಾವ, ಕೆಳಹೊಟ್ಟೆ ನೋವು, ಸಿಸೇರಿಯನ್ ಗಾಯದಲ್ಲಿ ಕೀವು ನಂಜಿನ ಗುರುತುಗಳು. ಬಾಣಂತಿಗೆ ಬಂದ ಜ್ವರವನ್ನು ‘ಶೀತ ಆಗಿದೆ, ಹಾಲು ಕಟ್ಟಿದೆ’ ಎಂದುಕೊಂಡು ಕಷಾಯದಲ್ಲೇ ದಿನ ದೂಡಬಾರದು. ಅದೇ ದಿನ ವೈದ್ಯರು ನೋಡಬೇಕು. ನೀರು ಕೊಡಬಾರದೆಂಬ ಪಥ್ಯ ಇನ್ನೂ ಹಲವು ಮನೆಗಳಲ್ಲಿದೆ. ಮಲಗಿಯೇ ಇರುವ, ನೀರು ಕುಡಿಯದ ಬಾಣಂತಿಯ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಬಿಸಿನೀರ ಸ್ನಾನ, ಕಾಳುಮೆಣಸಿನ ಸಾರು ಇರಲಿ. ನೀರು ಬಿಡಿಸುವುದು ಬೇಡ.

ಆಶಾ ಕಾರ್ಯಕರ್ತೆ ಮಗು ನೋಡಲು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಆಗ ತಾಯಿಯ ವಿಷಯವನ್ನೂ ಹೇಳಬೇಕು. ಸಂಕೋಚದಿಂದ ಮುಚ್ಚಿಡುವ ಸ್ರಾವದ ವಿಷಯವೇ ಅವರಿಗೆ ಬೇಕಾದ ಮಾಹಿತಿ.

ಮೂರು ವಿಳಂಬಗಳು

ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕರು 1994ರಲ್ಲಿ ಈ ಸಾವುಗಳ ಹಿಂದೆ ಮೂರು ವಿಳಂಬಗಳಿವೆ ಎಂದು ವಿವರಿಸಿದರು: ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವಲ್ಲಿ, ಅಲ್ಲಿಗೆ ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ.

ಎರಡನೆಯ ವಿಳಂಬ ಎಂದರೇನೆಂದು ಶರಾವತಿ ಹಿನ್ನೀರಿನ ಜನರಿಗೆ ಯಾರೂ ಹೇಳಿಕೊಡಬೇಕಿಲ್ಲ. ಲಿಂಗನಮಕ್ಕಿ ಅಣೆಕಟ್ಟೆಯ ನೀರು ತುಮರಿ ಕಡೆಯ ಹಳ್ಳಿಗಳನ್ನು ಸಾಗರದಿಂದ ಬೇರ್ಪಡಿಸಿತು. ದಶಕಗಳ ಕಾಲ ಲಾಂಚೇ ಆಧಾರ. ರಾತ್ರಿ ಅದು ಓಡುತ್ತಿರಲಿಲ್ಲ. ಹೆರಿಗೆ ನೋವು ಸಂಜೆಯ ಮೇಲೆ ಬಂದರೆ ಕಾಡಿನ ರಸ್ತೆಯಲ್ಲಿ ಸುತ್ತಿ ಹೋಗಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಆ ಹಳ್ಳಿಗಳಿಗೆ ಸಾಗರ ಯಾವ ಹೊತ್ತಿನಲ್ಲೂ ತಲುಪಬಹುದಾದ ಊರಾಯಿತು. ಸೇತುವೆಗಳನ್ನು ಪ್ರವಾಸೋದ್ಯಮದ ಲೆಕ್ಕದಲ್ಲಿ ಹೊಗಳುವುದನ್ನು ಕೇಳಿದ್ದೇವೆ. ನನಗೆ ಅದು ಮೊದಲು ಬಸುರಿಯರ ಸೇತುವೆ. ಕಾಲುಸಂಕ ದಾಟಿಯೇ ರಸ್ತೆಗೆ ಬರಬೇಕಾದ ಮನೆಗಳು ಇನ್ನೂ ಉಳಿದಿವೆ.

ಮೂರನೆಯ ವಿಳಂಬದ ಬಗ್ಗೆ ಮಾತು ಕಡಿಮೆ. ಒಂದು ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞರಿದ್ದು ಅರಿವಳಿಕೆ ತಜ್ಞರಿಲ್ಲದಿದ್ದರೆ ಸಿಸೇರಿಯನ್ ಆಗುವುದಿಲ್ಲ. ಇಬ್ಬರೂ ಇದ್ದು ರಕ್ತ ಸಂಗ್ರಹವಿಲ್ಲದಿದ್ದರೆ ತೀವ್ರ ರಕ್ತಸ್ರಾವವನ್ನು ನಿಭಾಯಿಸಲಾಗದು. ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ, ಅಲ್ಲಿಂದ ಮತ್ತೊಂದಕ್ಕೆ ಚೀಟಿ ಬರೆದು ಕಳುಹಿಸುವಾಗ ಆ ಎರಡು ಗಂಟೆ ಆಂಬುಲೆನ್ಸ್‌ನಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಎಂಟನೇ ತಿಂಗಳ ತಪಾಸಣೆಯಲ್ಲೇ ನೇರವಾಗಿ ಕೇಳಿ: ರಾತ್ರಿ ಹೊತ್ತು ಇಲ್ಲಿ ಸಿಸೇರಿಯನ್ ಆಗುತ್ತದೆಯೇ, ರಕ್ತ ಸಿಗುತ್ತದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳುಹಿಸುತ್ತೀರಿ? ಇದು ಉದ್ಧಟತನವಲ್ಲ. ಉತ್ತರ ಇಲ್ಲ ಎಂದಾದರೆ, ಮತ್ತು ಬಸುರಿಗೆ ಹಿಂದೆ ಸಿಸೇರಿಯನ್, ಅವಳಿ, ಬಿಪಿ, ತೀವ್ರ ರಕ್ತಹೀನತೆ ಇದ್ದರೆ, ನೇರವಾಗಿ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆ ಗೊತ್ತುಮಾಡಿಕೊಳ್ಳುವುದು ಸರಿ.

ಮಳೆಯೂ ಗೊತ್ತು, ದಿನವೂ ಗೊತ್ತು

ಹೆರಿಗೆಯ ಅಂದಾಜು ದಿನಾಂಕ ತಿಂಗಳುಗಳ ಮುಂಚೆಯೇ ಕಾರ್ಡಿನಲ್ಲಿ ಇರುತ್ತದೆ. ಅದು ಜೂನ್–ಸೆಪ್ಟೆಂಬರ್ ನಡುವೆ ಬಿದ್ದರೆ, ಒಂಟಿಮನೆಯವರು ಒಂದೆರಡು ವಾರ ಮೊದಲೇ ತಾಲ್ಲೂಕು ಕೇಂದ್ರದಲ್ಲಿರುವ ನೆಂಟರ ಮನೆಗೆ ಬಸುರಿಯನ್ನು ಕರೆತರುವುದು ಒಳ್ಳೆಯದು. 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಉಚಿತ. ಆದರೆ ನೆಟ್‌ವರ್ಕ್ ಸಿಗದ ಕಣಿವೆಗಳಲ್ಲಿ ಕರೆಯೇ ಹೋಗುವುದಿಲ್ಲ. ಊರಿನ ಯಾವ ಜೀಪಿನವರು ರಾತ್ರಿ ಬರುತ್ತಾರೆ, ಸಿಗ್ನಲ್ ಯಾವ ದಿಬ್ಬದಲ್ಲಿ ಸಿಗುತ್ತದೆ, ಅದೇ ಗುಂಪಿನ ರಕ್ತ ಕೊಡಬಲ್ಲ ಇಬ್ಬರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ದುಡ್ಡು ಹೊಂದಿಸಲು ಕಾಯುವುದು ಮೊದಲ ವಿಳಂಬಕ್ಕೆ ದೊಡ್ಡ ಕಾರಣ, ಈ ಹಕ್ಕು ಗೊತ್ತಿದ್ದರೆ ಅದು ತಪ್ಪುತ್ತದೆ. ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ವಿಶೇಷ ತಪಾಸಣೆ ಇರುತ್ತದೆ.

ನಮ್ಮ ಕಡೆಯ ಇನ್ನೊಂದು ಪದ್ಧತಿಯನ್ನೂ ಇಲ್ಲಿ ಹೇಳಬೇಕು. ಸೀಮಂತ ಮುಗಿಸಿ ಚೊಚ್ಚಲ ಬಸುರಿ ತವರಿಗೆ ಹೋಗುತ್ತಾಳೆ. ಗಂಡನ ಮನೆಯ ಊರಿನ ಆಶಾ ಕಾರ್ಯಕರ್ತೆಗೆ ಅವಳು ಕಣ್ಮರೆಯಾಗುತ್ತಾಳೆ, ತವರೂರಿನವರಿಗೆ ಅವಳ ಬಿಪಿ, ಹಿಮೋಗ್ಲೋಬಿನ್ ಗೊತ್ತಿರುವುದಿಲ್ಲ. ಅಪಾಯ ಹೆಚ್ಚುವ ತಿಂಗಳಲ್ಲೇ ನಿಗಾ ತಪ್ಪುತ್ತದೆ. ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿ ಅವಳ ಜೊತೆಗೇ ಹೋಗಬೇಕು. ತವರಿಗೆ ಹೋದ ವಾರದಲ್ಲೇ ಅಲ್ಲಿನ ಆಶಾಗೆ ತಿಳಿಸಬೇಕು. ಬೇರೆ ಜಿಲ್ಲೆ, ರಾಜ್ಯಗಳಿಂದ ಬಂದು ತೋಟಗಳ ಲೈನ್ ಮನೆಗಳಲ್ಲಿರುವ ಕೂಲಿ ಹೆಂಗಸರಿಗೆ ಕಾರ್ಡೇ ಇರದಿರಬಹುದು. ಅವರ ನೋಂದಣಿಗೆ ತೋಟದ ಮಾಲೀಕರು ಮುಂದಾಗಬೇಕು.

ಸಾವಾದ ಮೇಲೆ ನಡೆಯುವ ಪರಿಶೀಲನೆ

ಪ್ರತಿ ತಾಯಿ ಮರಣವನ್ನೂ ವರದಿ ಮಾಡಿ ಪರಿಶೀಲಿಸಬೇಕೆಂಬ ಕ್ರಮ ದೇಶದಲ್ಲಿ 2010ರಿಂದ ಇದೆ. ಆರೋಗ್ಯ ಸಿಬ್ಬಂದಿ ಮನೆಗೆ ಬಂದು, ನೋವು ಯಾವಾಗ ಶುರುವಾಯಿತು, ವಾಹನ ಎಷ್ಟು ಹೊತ್ತಿಗೆ ಬಂತು, ಎಲ್ಲೆಲ್ಲಿಗೆ ಹೋದಿರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲೂ ಪರಿಶೀಲನೆ ನಡೆಯುತ್ತದೆ. ಉದ್ದೇಶ ಯಾರನ್ನೋ ಶಿಕ್ಷಿಸುವುದಲ್ಲ, ಮೂರು ವಿಳಂಬಗಳಲ್ಲಿ ಯಾವುದು ಎಲ್ಲಿ ಆಯಿತೆಂದು ಪತ್ತೆಹಚ್ಚಿ ಸರಿಪಡಿಸುವುದು. ಕೇರಳದಲ್ಲಿ ಪ್ರಸೂತಿ ತಜ್ಞರ ಒಕ್ಕೂಟವೇ 2004ರಿಂದ ಹೆಸರು ಬಹಿರಂಗಪಡಿಸದೆ ಪ್ರತಿ ಸಾವನ್ನೂ ಹೀಗೆ ಬಿಡಿಸಿ ನೋಡುತ್ತ ಬಂದಿದೆ.

ಜಿಲ್ಲಾಧಿಕಾರಿಯ ಪರಿಶೀಲನೆಗೆ ತೀರಿಕೊಂಡವಳ ಕಡೆಯ ಇಬ್ಬರನ್ನು ಕರೆಯಲು ಅವಕಾಶವಿದೆ. ಕರೆ ಬಂದರೆ ಹೋಗಬೇಕು. ತಾಯಿ ಕಾರ್ಡ್, ರೆಫರಲ್ ಚೀಟಿ, ಆಂಬುಲೆನ್ಸ್‌ಗೆ ಮಾಡಿದ ಕರೆಯ ಸಮಯ ತೋರಿಸುವ ಮೊಬೈಲ್ ಎಲ್ಲವನ್ನೂ ಜೋಪಾನವಾಗಿಟ್ಟು ಜೊತೆಗೆ ಒಯ್ಯಬೇಕು. ಯಾವ ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಕಾದಿರಿ, ರಕ್ತ ಇಲ್ಲವೆಂದು ಯಾವಾಗ ಹೇಳಿದರು ಎಂಬ ವಿವರ ಕಡತಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಸಂಗ್ರಹ ಘಟಕ ಬೇಕೆಂಬ ವಾದಕ್ಕೆ ಆಧಾರ ಆ ವಿವರವೇ.